ಕೊಂಬಿನ ಹಿಡಿಯ ಚಾಕು ಮತ್ತು ಕಾಫಿ ಚೀಲ: ಯೊಕ್‌ಮೊಕ್‌ನಲ್ಲಿ ಮಾಡಿಸಿಕೊಂಡ ಎರಡು ಕೈಕೆಲಸಗಳು

ಬರೀ ಕೊಯ್ಯಲು, ಕೆತ್ತಲು ಒಂದು ಚಾಕು ಬೇಕು ಎನ್ನುವವರು ಇದನ್ನು ಕೊಳ್ಳಬೇಕಾಗಿಲ್ಲ. ಸ್ವೀಡನ್ನಿನ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಪ್ಲಾಸ್ಟಿಕ್ ಹಿಡಿಯ ಮೊರಾ ಚಾಕು ಕೆಲವೇ ನೂರು ಕ್ರೋನರ್‌ಗೆ ಸಿಗುತ್ತದೆ, ಚೆನ್ನಾಗಿ ಕೊಯ್ಯುತ್ತದೆ, ಕಳೆದುಹೋದರೆ ಸಂಕಟವಾಗುವುದಿಲ್ಲ. ನಾನು ಬರೆಯಹೊರಟಿರುವ ಚಾಕುವಿಗೆ 5,200 ಕ್ರೋನರ್ ಕೊಟ್ಟೆ. ಜೊತೆಗೆ ಮಾಡಿಸಿಕೊಂಡ ತೊಗಲಿನ ಕಾಫಿ ಚೀಲಕ್ಕೆ 2,300. ಎರಡನ್ನೂ ಒಂದು ಪೂರ್ತಿ ಚಳಿಗಾಲ ಕಾಡಿನಲ್ಲಿ, ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಬೆಂಕಿಯ ಪಕ್ಕದಲ್ಲಿ ಬಳಸಿ ನೋಡಿದ್ದೇನೆ. ಕೊಟ್ಟ ಹಣಕ್ಕೆ ಎರಡೂ ಮೋಸ ಮಾಡಿಲ್ಲ. ಆದರೆ ಚಾಕುವಿನ ಆಸೆಗೆ ಹೋದವಳು ನಾನು. ಈಗ ಯಾರಾದರೂ ಕೇಳಿದರೆ ಮೊದಲು ತೆಗೆದು ತೋರಿಸುವುದು ಚೀಲವನ್ನು. ಯಾಕೆ ಹಾಗಾಯಿತು ಎಂದು ಹೇಳಬೇಕಾದರೆ ಎರಡೂ ಹೇಗೆ ತಯಾರಾದವು ಎಂಬುದನ್ನೂ ಹೇಳಲೇಬೇಕು.

ಉತ್ತರ ಸ್ವೀಡನ್ನಿನ ಯೊಕ್‌ಮೊಕ್ ಧ್ರುವವೃತ್ತದಿಂದ ತುಸುವೇ ಮೇಲಕ್ಕಿರುವ ಚಿಕ್ಕ ಊರು. ನಾನಿರುವ ಲೂಲಿಯೊದಿಂದ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್. ಹಿಮಸಾರಂಗ ಸಾಕುವ ಮೂಲನಿವಾಸಿಗಳಾದ ಸಾಮಿ ಜನರ ನೆಲ ಅದು. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳ ಉತ್ತರ ಭಾಗ, ರಷ್ಯಾದ ಕೋಲಾ ಪರ್ಯಾಯದ್ವೀಪ, ಇಷ್ಟರ ಮೇಲೆ ಹರಡಿರುವ ತಮ್ಮ ನಾಡನ್ನು ಅವರು ಸಾಪ್ಮಿ ಎನ್ನುತ್ತಾರೆ. ಯೊಕ್‌ಮೊಕ್‌ನಲ್ಲಿ ಪ್ರತಿ ಫೆಬ್ರವರಿಯ ಮೊದಲ ಗುರುವಾರದಿಂದ ಶನಿವಾರದವರೆಗೆ ಚಳಿಗಾಲದ ಸಂತೆ ನಡೆಯುತ್ತದೆ. ದೊರೆ ಒಂಬತ್ತನೇ ಕಾರ್ಲ್ 1605ರಲ್ಲಿ ಹೊರಡಿಸಿದ ಆಜ್ಞೆಯಿಂದ ಅದರ ವಯಸ್ಸನ್ನು ಲೆಕ್ಕ ಹಿಡಿಯುತ್ತಾರೆ. 2005ರಲ್ಲಿ ನಾನೂರು ತುಂಬಿತು. ಜನ ಬೀದಿಯಲ್ಲಿ ಸಾಲುಸಾಲಾಗಿ ನಿಂತು ವ್ಯಾಪಾರ ಮಾಡುವಾಗ ಉಷ್ಣತೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿದ್ದರೂ ಅಲ್ಲಿ ಯಾರೂ ಅದನ್ನೊಂದು ಸುದ್ದಿ ಎಂದುಕೊಳ್ಳುವುದಿಲ್ಲ.

ಸಂತೆಯಲ್ಲಿ ಸಿಗುವುದೆಲ್ಲ ಸಾಮಿ ಕೈಕೆಲಸವಲ್ಲ. ಸಾಕ್ಸು, ಮಿಠಾಯಿ, ಅಗ್ಗದ ಟೋಪಿಗಳ ಅಂಗಡಿಗಳೇ ಹೆಚ್ಚು. ಕೊಂಬು, ಮರ, ತೊಗಲು, ಬೇರು, ತವರದ ತಂತಿಯ ಕಸೂತಿ, ಇವುಗಳಲ್ಲಿ ಸಾಮಿ ಜನ ಮಾಡುವ ಕೆಲಸಕ್ಕೆ ದುವೊಜಿ ಎಂದು ಹೆಸರು. ಅದನ್ನು ನೋಡಬೇಕಾದರೆ ಹೊರಗಿನ ಗದ್ದಲ ಬಿಟ್ಟು, ಕೈಕೆಲಸದವರೇ ಮೇಜು ಹಾಕಿಕೊಂಡು ಕೂತಿರುವ ಒಳಾಂಗಣಗಳಿಗೆ ಹೋಗಬೇಕು. ನನಗೆ ಚಾಕು ಮಾಡಿಕೊಟ್ಟವರು ಕೂತಿದ್ದದ್ದು ಅಂಥ ಒಂದು ಕೋಣೆಯಲ್ಲಿ. ಅರವತ್ತು ದಾಟಿದವರು. ಪಕ್ಕದಲ್ಲಿ ಅವರ ಅಕ್ಕ. ಅಕ್ಕನ ಮೇಜಿನ ಮೇಲೆ ತೊಗಲಿನ ಚೀಲಗಳು, ತಮ್ಮನ ಮೇಜಿನ ಮೇಲೆ ಚಾಕುಗಳು. ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಪ್ರಚಾರ ಬೇಡ, ಇರುವ ಆರ್ಡರ್‌ಗಳೇ ಮುಗಿಯುತ್ತಿಲ್ಲ ಎಂದು ಅವರೇ ಹೇಳಿದ್ದಾರೆ.

ಮೇಜಿನ ಮೇಲಿದ್ದ ಒಂದು ಚಾಕುವನ್ನು ನಾನು ಕೈಗೆ ತೆಗೆದುಕೊಂಡ ಕೂಡಲೇ ಅವರು ಕೇಳಿದ್ದು, "ನೀವು ಎಡಗೈಯವರಾ?" ಹೌದು ಎಂದೆ. "ಹಾಗಾದರೆ ಇದು ನಿಮಗಲ್ಲ" ಎಂದು ಅದನ್ನು ವಾಪಸ್ ತೆಗೆದುಕೊಂಡರು. ಒರೆಯ ಕೆತ್ತನೆ ಹೊರಗೆ ಕಾಣಬೇಕು, ಹೊಲಿಗೆ ಒಳಗೆ ಮೈಗೆ ಆನಿಕೊಂಡಿರಬೇಕು. ಬಲ ಸೊಂಟಕ್ಕೆ ಮಾಡಿದ್ದನ್ನು ಎಡಕ್ಕೆ ನೇತುಹಾಕಿದರೆ ಎಲ್ಲ ತಿರುವುಮುರುವಾಗುತ್ತದೆ. ಮಾರಾಟಕ್ಕೆ ತಂದಿಟ್ಟ ವಸ್ತುವನ್ನು ಕೊಳ್ಳಲು ಬಂದವರ ಕೈಯಿಂದಲೇ ಬಿಡಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಅಲ್ಲೇ ಆರ್ಡರ್ ಕೊಟ್ಟೆ. ಬೇಸಿಗೆಯಲ್ಲಿ ಅವರ ಮನೆಗೆ ಹೋಗಿ ಕೆಲಸ ನಡೆಯುವುದನ್ನು ನೋಡುವ ಅವಕಾಶವೂ ಸಿಕ್ಕಿತು. ನಾನು ಲೋಹ, ಮರ, ಪ್ಲಾಸ್ಟಿಕ್‌ಗಳನ್ನು ಎಳೆದು ಮುರಿದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಬಿಡುವಿನಲ್ಲಿ ತೊಗಲು ಹೊಲಿಯುವವಳು. ಪ್ರಶ್ನೆಗಳಿಗೆ ಬರವಿರಲಿಲ್ಲ.

ಮೊದಲು ಕೊಂಬಿನ ಮಾತು. ಇದು ರೇನ್‌ಡೀರ್, ಅಂದರೆ ಹಿಮಸಾರಂಗದ ಕೊಂಬು. ದನದ ಕೊಂಬು ನಮ್ಮ ಉಗುರಿನ ಜಾತಿಯ ವಸ್ತು, ಬದುಕಿರುವಷ್ಟು ದಿನವೂ ಬೆಳೆಯುತ್ತದೆ, ಬೀಳುವುದಿಲ್ಲ. ಸಾರಂಗದ ಕೊಂಬು ಅಪ್ಪಟ ಮೂಳೆ, ಪ್ರತಿವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ಜಿಂಕೆಯ ಕುಲದಲ್ಲಿ ಹೆಣ್ಣಿಗೂ ಕೊಂಬು ಬರುವುದು ಹಿಮಸಾರಂಗದಲ್ಲಿ ಮಾತ್ರವೇ ಸಾಮಾನ್ಯ. ದೊಡ್ಡ ಗಂಡುಗಳು ಬೆದೆಯ ಕಾಲ ಮುಗಿದು ಚಳಿಗಾಲ ಶುರುವಾಗುವ ಹೊತ್ತಿಗೆ ಕೊಂಬು ಉದುರಿಸುತ್ತವೆ. ಗಬ್ಬದ ಹೆಣ್ಣುಗಳು ವಸಂತದಲ್ಲಿ ಮರಿ ಹಾಕುವ ಹೊತ್ತಿನವರೆಗೂ ಉಳಿಸಿಕೊಂಡಿರುತ್ತವೆ. ಹಿಮ ಅಗೆದು ಮೇವು ಹುಡುಕುವ ಕಾಲದಲ್ಲಿ ಇತರರನ್ನು ದೂರವಿಡಲು ಅದು ಬೇಕು. ಹಾಗಾಗಿ ಚಾಕು ಮಾಡುವವರು ಕಾಡಿನಲ್ಲಿ ಬಿದ್ದ ಕೊಂಬನ್ನೂ ಆರಿಸುತ್ತಾರೆ, ಮಾಂಸಕ್ಕೆ ಕಡಿದ ಪ್ರಾಣಿಯ ಕೊಂಬನ್ನೂ ಬಿಡುವುದಿಲ್ಲ. ಹಿಡಿಗೂ ಒರೆಗೂ ಬೇಕಾಗುವುದು ದೊಡ್ಡ ಗಂಡಿನ ದಪ್ಪ ಕಾಂಡ. ಹೆಣ್ಣಿನ ಸಣ್ಣ ಕೊಂಬು ಗುಂಡಿಗೆ, ಸೂಜಿ ಇಡುವ ಕೊಳವೆಗೆ ಹೋಗುತ್ತದೆ.

ಮೂಳೆ ಎಂದೆನಲ್ಲ, ಅದರಲ್ಲೂ ಇದು ಬೇರೆ ತರಹದ ಮೂಳೆ. ಕಾಲಿನ ಮೂಳೆಗಿಂತ ಇದರಲ್ಲಿ ಖನಿಜದ ಪಾಲು ಕಡಿಮೆ, ಹಾಗಾಗಿ ಗಡಸುತನ ತುಸು ಕಡಿಮೆಯಾದರೂ ಹೊಡೆತಕ್ಕೆ ಸುಲಭವಾಗಿ ಸೀಳುವುದಿಲ್ಲ. ಗಂಡು ಗಂಡು ತಲೆಗೆ ತಲೆ ಕೊಟ್ಟು ಕಾದಾಡಲು ಬೆಳೆದ ವಸ್ತು, ಪೆಟ್ಟು ನುಂಗಿಕೊಳ್ಳುವುದೇ ಅದರ ಕೆಲಸ. ಚಾಕುವಿನ ಹಿಡಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ. ತೊಡಕಿರುವುದು ಒಳಗೆ. ಹೊರಗಿನ ಗಟ್ಟಿ ಗೋಡೆಯ ನಡುವೆ ತೂತುತೂತಾದ ಸ್ಪಂಜಿನಂಥ ತಿರುಳಿರುತ್ತದೆ. ಗೋಡೆ ದಪ್ಪವಿರುವ ತುಂಡನ್ನು ಆರಿಸುವುದು ಅರ್ಧ ಕೆಲಸ. ಆ ಮನೆಯ ಅಟ್ಟದಲ್ಲಿ ನಿಧಾನವಾಗಿ ಒಣಗುತ್ತಿದ್ದ ಕೊಂಬುಗಳ ರಾಶಿಯಲ್ಲಿ ಅವರು ಒಂದೊಂದನ್ನೇ ಎತ್ತಿ ಬೆಳಕಿಗೆ ತಿರುಗಿಸಿ ಕೆಳಗಿಡುತ್ತಿದ್ದರು. ಒರೆಯ ತುದಿಗೆ ಎಷ್ಟು ಬಾಗು ಬೇಕೋ ಅಷ್ಟೇ ಬಾಗಿರುವ ಕೊಂಬನ್ನು ಹುಡುಕುವುದು ಅವರ ಪದ್ಧತಿ. ನೇರವಾದದ್ದನ್ನು ತಂದು ಬಗ್ಗಿಸುವ ಗೋಜಿಗೆ ಹೋಗುವುದಿಲ್ಲ.

ಗರಗಸ ಹಾಕಿದಾಗ ಬರುವ ವಾಸನೆ ದಂತವೈದ್ಯರು ಹಲ್ಲು ಕೊರೆಯುವಾಗ ಬರುವ ವಾಸನೆಯ ಹಾಗೇ ಇರುತ್ತದೆ. ಮೂಳೆಯ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅವರು ಮುಖಗವಸು ಹಾಕಿಕೊಂಡೇ ಕೂರುತ್ತಾರೆ, ನನಗೂ ಒಂದು ಕೊಟ್ಟರು.

ಹಿಡಿಯನ್ನು ಒಂದೇ ತುಂಡಿನಲ್ಲಿ ಮಾಡುವುದಿಲ್ಲ. ಅಲಗಿನ ಹಿಂಭಾಗದಿಂದ ಬಾಲದಂತೆ ಚಾಚಿಕೊಂಡ ಉಕ್ಕಿನ ಕಡ್ಡಿಗೆ ತುಂಡುಗಳನ್ನು ಒಂದೊಂದಾಗಿ ಪೋಣಿಸುತ್ತಾರೆ. ನನ್ನದರಲ್ಲಿ ಅಲಗಿನ ಬುಡದಲ್ಲಿ ಕೊಂಬು, ಆಮೇಲೆ ತೆಳ್ಳನೆ ತೊಗಲು, ಬರ್ಚ್ ಮರದ ತೊಗಟೆ, ನಡುವೆ ಬರ್ಚ್ ಗಂಟಿನ ಮರ, ಮತ್ತೆ ತೊಗಟೆ, ತೊಗಲು, ಕೊನೆಯಲ್ಲಿ ಅಗಲವಾಗುವ ಕೊಂಬು. ಮರಕ್ಕೆ ಗಂಟನ್ನೇ ಆರಿಸುವುದು ಯಾಕೆಂದರೆ ಅದರ ಎಳೆಗಳು ಒಂದೇ ದಿಕ್ಕಿಗೆ ಓಡುವುದಿಲ್ಲ, ಸೀಳು ಬಿಡುವ ದಾರಿಯೇ ಇರುವುದಿಲ್ಲ. ಪ್ರತಿ ತುಂಡಿಗೂ ತೂತು ಕೊರೆದು, ಉಕ್ಕಿನ ಬಾಲ ಚಪ್ಪಟೆಯಾಗಿರುವ ಕಡೆ ಆ ತೂತನ್ನು ಸಣ್ಣ ಅರದಿಂದ ಉದ್ದಕ್ಕೆ ಉಜ್ಜಿ ಹೊಂದಿಸಬೇಕು. ಸಡಿಲವಾದರೆ ಅಂಟು ಎಷ್ಟು ಹಾಕಿದರೂ ಒಂದು ದಿನ ಅಲ್ಲಾಡುತ್ತದೆ. ಅಂಟು ಈಗಿನ ಎಪಾಕ್ಸಿಯೇ, ಅದನ್ನವರು ಮುಚ್ಚಿಡಲಿಲ್ಲ. ಎಲ್ಲ ಪೋಣಿಸಿ, ಹಿಂದಿನ ತುದಿಯಲ್ಲಿ ಉಕ್ಕಿನ ಕೊನೆಯನ್ನು ಹಿತ್ತಾಳೆಯ ಬಿಲ್ಲೆಯ ಮೇಲೆ ಸುತ್ತಿಗೆಯಿಂದ ತಟ್ಟಿ ಹರಡಿದ ಮೇಲೆಯೇ ಹೊರಗಿನ ಆಕಾರ ತೆಗೆಯಲು ಶುರು. ಅಲಗು ಮಾತ್ರ ಅವರದಲ್ಲ, ಕಮ್ಮಾರರಿಂದ ತರಿಸಿದ್ದು. ಕೊಂಬಿನ ಕೆಲಸ ಮಾಡುವ ಬಹಳಷ್ಟು ಜನ ಹೀಗೇ ಮಾಡುತ್ತಾರೆ. ನಡುವೆ ಗಡಸು ಉಕ್ಕು, ಎರಡೂ ಪಕ್ಕಕ್ಕೆ ಮೆತ್ತನೆಯದು ಬೆಸೆದ ಅಲಗು, ಒಂಬತ್ತು ಸೆಂಟಿಮೀಟರ್ ಉದ್ದ. ಸಾಮಿಗಳ ಚಿಕ್ಕ ಚಾಕು ಇದು. ಮರಿಗಳ ಕಿವಿಗೆ ಒಡೆತನದ ಗುರುತು ಕೊಯ್ಯುವುದರಿಂದ ಹಿಡಿದು ಊಟದವರೆಗೆ ಎಲ್ಲಕ್ಕೂ ಇದೇ. ಬರ್ಚ್ ಕೊಂಬೆ ಕಡಿಯಲು, ಮೂಳೆ ಒಡೆಯಲು ಬಳಸುವ ದೊಡ್ಡ ಚಾಕು ಬೇರೆ ಇದೆ.

ಒರೆಗಳಲ್ಲಿ ಎರಡು ಬಗೆ. ಮೇಲಿಂದ ಕೆಳಗಿನವರೆಗೆ ಪೂರ್ತಿ ಕೊಂಬಿನದು ಒಂದು. ಮೇಲಿನ ಅರ್ಧ ತೊಗಲು, ಕೆಳಗಿನ ಅರ್ಧ ಕೊಂಬು ಇನ್ನೊಂದು. ಪೂರ್ತಿ ಕೊಂಬಿನದಕ್ಕೆ ಬೆಲೆ ಬಹಳ ಹೆಚ್ಚು, ಗಾಜಿನ ಪೆಟ್ಟಿಗೆಯಲ್ಲಿಡಲು ಜನ ಅದನ್ನೇ ಕೊಳ್ಳುತ್ತಾರೆ. ನಾನು ಆರಿಸಿಕೊಂಡದ್ದು ಅರ್ಧದ್ದನ್ನು, ಆ ಆಯ್ಕೆ ಸರಿಯಾಗಿತ್ತು ಎಂದು ಈಗಲೂ ಅನಿಸುತ್ತದೆ. ತೊಗಲಿನ ಭಾಗವನ್ನು ಒದ್ದೆ ಮಾಡಿ, ಚಾಕುವಿನ ಮೇಲೇ ಎಳೆದು ಹೊಲಿದು ಒಣಗಿಸುತ್ತಾರೆ, ಹಾಗಾಗಿ ಅದು ಹಿಡಿಯ ಉಬ್ಬುತಗ್ಗುಗಳನ್ನು ಹಾಗೇ ಅಪ್ಪಿಕೊಳ್ಳುತ್ತದೆ. ಗುಂಡಿ, ಪಟ್ಟಿ ಏನೂ ಬೇಡ. ಒಳಕ್ಕೆ ತಳ್ಳಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಒರೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಬೀಳುವುದಿಲ್ಲ. ಕೆಳಗಿನ ಕೊಂಬಿನ ಭಾಗ ಎರಡು ಹೋಳುಗಳದ್ದು, ಒಳಗೆ ತಿರುಳು ಕೆತ್ತಿ ತೆಗೆದು ಅಲಗಿಗೆ ಜಾಗ ಮಾಡಿ ರಿವೆಟ್ ಹೊಡೆದಿದ್ದಾರೆ. ತುದಿಯ ಹತ್ತಿರ ಒಂದು ಸಣ್ಣ ತೂತು. ಒರೆಯೊಳಗೆ ಹೊಕ್ಕ ಹಿಮ ಕರಗಿದರೆ ನೀರು ಹೊರಗೆ ಹೋಗಬೇಕಲ್ಲ, ಅದಕ್ಕೆ.

ಇನ್ನು ಕೆತ್ತನೆ. ದಕ್ಷಿಣ ಸಾಮಿಗಳ ಕೆಲಸದಲ್ಲಿ ಹೆಣೆದ ಪಟ್ಟಿಗಳಂಥ ಜಾಮಿತಿ ವಿನ್ಯಾಸ ಮೈತುಂಬ ತುಂಬಿರುತ್ತದೆ. ಉತ್ತರಕ್ಕೆ ಹೋದಂತೆ ಖಾಲಿ ಜಾಗ ಹೆಚ್ಚುತ್ತದೆ, ಹೂವು, ನಕ್ಷತ್ರ, ಹಿಮಸಾರಂಗ ಬರುತ್ತವೆ. ನನ್ನ ಚಾಕುವಿನಲ್ಲಿ ಒರೆಯ ಕೊಂಬಿನ ಅಂಚಿಗೆ ಒಂದು ಹೆಣಿಗೆಯ ಸಾಲು, ನಡುವೆ ಏನೂ ಇಲ್ಲ, ತುದಿಯ ಬಾಗಿನಲ್ಲಿ ಮತ್ತೆ ಒಂದು ಸಾಲು. ಗೆರೆಗಳನ್ನು ಸಣ್ಣ ಚಾಕುವಿನ ಮೊನೆಯಲ್ಲೇ ಕೊರೆಯುತ್ತಾರೆ. ಕೊರೆದ ಮೇಲೆ ಬಣ್ಣ ತುಂಬಿ ಒರೆಸಿದರೆ ಗೆರೆಯಲ್ಲಿ ಮಾತ್ರ ಉಳಿಯುತ್ತದೆ. ಹಿಂದೆ ಆಲ್ಡರ್ ಮರದ ತೊಗಟೆಯನ್ನು ಬಾಯಲ್ಲಿ ಅಗಿದು ಆ ಕೆಂಪು ರಸವನ್ನೇ ತಿಕ್ಕುತ್ತಿದ್ದರು. ಯೊಕ್‌ಮೊಕ್‌ನಲ್ಲಿರುವ ಆಯ್ತೆ ಮ್ಯೂಸಿಯಂ, 1989ರಲ್ಲಿ ತೆರೆದದ್ದು, ಸಾಮಿ ಬದುಕು ಮತ್ತು ಬೆಟ್ಟಸೀಮೆಗೆ ಮೀಸಲು. ಕೊಳ್ಳುವ ಮೊದಲು ಅಲ್ಲಿ ಒಂದು ಮಧ್ಯಾಹ್ನ ಕಳೆಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಹಳೆಯ ಕೆಲಸವನ್ನು ಹತ್ತಿರದಿಂದ ನೋಡಿದ ಕಣ್ಣಿಗೆ ಸಂತೆಯಲ್ಲಿ ಯಾವುದರ ಮುಂದೆ ನಿಲ್ಲಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಈ ಊರಿನಲ್ಲೇ ಬಾಳಿದ ಲಾರ್ಸ್ ಪಿರಾಕ್ (1932–2008) ಎಂಬ ಹಿರಿಯ ಕಲಾವಿದರ ಹೆಸರು ಕೊಂಬಿನ ಕೆಲಸ ಮಾಡುವವರ ಬಾಯಲ್ಲಿ ಇವತ್ತಿಗೂ ಗೌರವದಿಂದ ಬರುತ್ತದೆ.

ಬಳಕೆಯಲ್ಲಿ ಚಾಕು ಹೇಗಿದೆ? ಅಲಗಿನ ಎರಡೂ ಬದಿಗೆ ಅಗಲವಾದ ಒಂದೇ ಇಳಿಜಾರು, ತುದಿಯಲ್ಲಿ ಎರಡನೆಯ ಸಣ್ಣ ಇಳಿಜಾರು ಇಲ್ಲ. ಮರ ಕೆತ್ತುವಾಗ ಆ ಇಳಿಜಾರು ಮರದ ಮೇಲೆ ಕೂತು ತಾನೇ ದಾರಿ ಹಿಡಿಯುತ್ತದೆ. ಮಸೆಯುವುದೂ ಸುಲಭ, ಇಳಿಜಾರನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ತಿಕ್ಕಿದರಾಯಿತು, ಕೋನ ಲೆಕ್ಕ ಹಾಕಬೇಕಿಲ್ಲ. ಒಣ ಬರ್ಚ್ ಸೌದೆಯಿಂದ ಬೆಂಕಿಗೆ ಸುರುಳಿ ಎಬ್ಬಿಸಲು ಇದರಷ್ಟು ಹಿತವಾದ ಚಾಕು ನಾನು ಹಿಡಿದಿಲ್ಲ. ಹಿಡಿಯಲ್ಲಿ ಬೆರಳಿಗೆ ಅಡ್ಡಪಟ್ಟಿ ಇಲ್ಲ. ಎರಡೂ ತುದಿ ಉಬ್ಬಿ ನಡು ತಗ್ಗಿರುವುದರಿಂದ ಕೈ ಜಾರುವುದಿಲ್ಲ. ಕಡುಚಳಿಯಲ್ಲಿ ಕೈಗವಸು ಬಿಚ್ಚಿ ಹಿಡಿದಾಗ ನಡುವಿನ ಮರ, ತೊಗಟೆಗಳು ಬೆರಳಿಗೆ ತಣ್ಣಗೆ ಹತ್ತುವುದಿಲ್ಲ. ಕೊಂಬು ಮಾತ್ರ ತಣ್ಣಗಿರುತ್ತದೆ. ಆದರೆ ಮುಷ್ಟಿ ಕೂರುವ ಕಡೆ ಕೊಂಬನ್ನು ಇಟ್ಟಿಲ್ಲ, ಏಟು ಬೀಳುವ ಎರಡು ತುದಿಗಳಲ್ಲಿ ಮಾತ್ರ ಇಟ್ಟಿದ್ದಾರೆ. ಪೋಣಿಸುವ ಕ್ರಮ ಅಂದಕ್ಕಾಗಿ ಇರಬೇಕು ಎಂದು ನೋಡುವವರಿಗೆ ಅನಿಸಬಹುದು. ಒಂದು ಚಳಿಗಾಲ ಹಿಡಿದವರಿಗೆ ಅದರ ಲೆಕ್ಕ ಗೊತ್ತಾಗುತ್ತದೆ.

ಕೊರತೆಗಳೂ ಇವೆ. ಮೀನು ಸೀಳಿದಾಗ ಕೊಬ್ಬು ಮೆತ್ತಿದ ಕೊಂಬು ನುಣುಪಾಗಿ ಜಾರುತ್ತದೆ. ಹಿಂದಿನ ತುದಿಯನ್ನು ಇಷ್ಟು ಪಾಲಿಶ್ ಮಾಡಬೇಕಿರಲಿಲ್ಲ. ಒದ್ದೆ ಹಿಮದ ದಿನಗಳಲ್ಲಿ ಒರೆಯ ತೊಗಲು ನೆನೆದು ಚಾಕುವನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ಎರಡು ಕೈ ಹಾಕಿ ಎಳೆಯಬೇಕಾಯಿತು. ಒಲೆಯ ಹತ್ತಿರ ಇಡದೆ ಗಾಳಿಗೆ ನಿಧಾನವಾಗಿ ಒಣಗಿಸಿದರೆ ಮತ್ತೆ ಸರಿಹೋಗುತ್ತದೆ. ಉಕ್ಕು ಸ್ಟೇನ್‌ಲೆಸ್ ಅಲ್ಲ, ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ. ಸೊಂಟದ ಪಟ್ಟಿಯಿಂದ ಸಡಿಲವಾಗಿ ತೂಗಾಡುವ ಒರೆ ನಡೆಯುವವರಿಗೆ, ಹಿಮದ ಮೇಲೆ ಸ್ಕೀ ಮಾಡುವವರಿಗೆ ಹೇಳಿಮಾಡಿಸಿದ್ದು, ಕಾರಿನ ಸೀಟಿಗೆ ಅಲ್ಲ. ಇನ್ನೊಂದು ಮಾತು: ಸ್ವೀಡನ್ನಿನ 1988ರ ಚಾಕು ಕಾಯ್ದೆಯ ಪ್ರಕಾರ ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಚಾಕು ಇಟ್ಟುಕೊಂಡು ಓಡಾಡುವಂತಿಲ್ಲ. ಕಾಡಿನಲ್ಲಿ, ಕೆಲಸದಲ್ಲಿ ತೊಂದರೆಯಿಲ್ಲ. ಪೇಟೆಗೆ ಬರುವಾಗ ಮನೆಯಲ್ಲೇ ಬಿಟ್ಟು ಬನ್ನಿ.

ಈಗ ಚೀಲ.

ಸಾಮಿ ಮನೆಗಳಲ್ಲಿ ಕಾಫಿ ಚೀಲಕ್ಕೆ ದೊಡ್ಡ ಸ್ಥಾನವಿದೆ. ಹಿಂಡಿನ ಹಿಂದೆ ಹೋಗುವವರ ಬುತ್ತಿಯಲ್ಲಿ ಒಣಮಾಂಸ, ಕಾಫಿಗೆ ತುಂಡು ತುಂಡಾಗಿ ಹಾಕಿಕೊಳ್ಳುವ ಚೀಸ್, ತರಿತರಿಯಾಗಿ ಬೀಸಿದ ಕಾಫಿ ಇದ್ದೇ ಇರುತ್ತವೆ. ಆ ಕಾಫಿಯನ್ನು ಸುಡುವ ನೀರಿಗೆ ನೇರವಾಗಿ ಹಾಕಿ ಕುದಿಸುವುದು. ಚೀಲ ಹಿಮಸಾರಂಗದ ತೊಗಲಿನದು, ಅದರ ಕುತ್ತಿಗೆಗೆ ಕೊಂಬಿನ ಬಳೆ, ಬಳೆಗೆ ಮರದ ಬಿರಡೆ. ನೋಡಲು ಸೊಂಟಪಟ್ಟಿಗೆ ಸಿಕ್ಕಿಸಿದ ಚಾಕುವಿನ ಮುಂದೆ ಏನೂ ಅಲ್ಲ. ಸಂತೆಯಲ್ಲಿ ಜನ ಚಾಕುವಿನ ಫೋಟೊ ತೆಗೆಯುತ್ತಿದ್ದರು, ಚೀಲಗಳನ್ನು ಪಕ್ಕಕ್ಕೆ ಸರಿಸಿ.

ತೊಗಲು ಹದ ಮಾಡುವುದನ್ನು ಅಕ್ಕ ತೋರಿಸಿದರು. ನೆನೆಹಾಕಿ, ಕೂದಲು ಸಡಿಲವಾದ ಮೇಲೆ ಹೆರೆದು, ಒಳಮೈಯ ಪೊರೆ ತೆಗೆದು, ಆಮೇಲೆ ತೊಗಟೆಯ ಕಷಾಯದಲ್ಲಿ ಮುಳುಗಿಸುತ್ತಾರೆ. ವಿಲ್ಲೋ, ಬರ್ಚ್, ಆಲ್ಡರ್, ಮೂರೂ ಬಳಕೆಯಲ್ಲಿವೆ. ಕೆಂಪು ಬೇಕೆಂದರೆ ಆಲ್ಡರ್. ಮೊದಲ ದಿನಗಳಲ್ಲಿ ಕಷಾಯ ತೀರ ತಿಳಿಯಾಗಿರಬೇಕು. ಆರಂಭದಲ್ಲೇ ಗಟ್ಟಿ ಕಷಾಯ ಹಾಕಿದರೆ ಹೊರಮೈ ಕೂಡಲೇ ಹದವಾಗಿ ಮುಚ್ಚಿಕೊಂಡುಬಿಡುತ್ತದೆ, ನಡುಭಾಗ ಹಸಿಯಾಗೇ ಉಳಿಯುತ್ತದೆ. ಹಾಗಾಗಿ ವಾರ ಕಳೆದಂತೆ ಸ್ವಲ್ಪ ಸ್ವಲ್ಪವೇ ಗಟ್ಟಿ ಮಾಡುತ್ತ ಹೋಗಬೇಕು. ನಡುನಡುವೆ ಅಂಚಿನಲ್ಲಿ ಒಂದು ಚೂರು ಕೊಯ್ದು, ಒಳಗೆ ಬಿಳಿ ಗೆರೆ ಉಳಿದಿದೆಯೇ ಎಂದು ನೋಡುತ್ತಾರೆ. ಬಿಳಿ ಇದ್ದರೆ ಇನ್ನೂ ಆಗಿಲ್ಲ. ಪ್ರಯೋಗಾಲಯದಲ್ಲಿ ನಾವು ತುಂಡು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ಮಾಡುವ ತಪಾಸಣೆಯೇ ಇದು. ಅವರು ಕಿಟಕಿಯ ಬೆಳಕಿನಲ್ಲಿ ಮಾಡಿದರು, ಕ್ಷಣದಲ್ಲಿ ಮುಗಿಯಿತು. ಹದವಾದ ಮೇಲೆ ಕೊಬ್ಬು ಹಚ್ಚಿ, ಅಂಚಿನ ಮೇಲೆ ಎಳೆದೆಳೆದು ಮೆತ್ತಗೆ ಮಾಡುವುದು ತೋಳಿನ ಕೆಲಸ. ಆ ವಯಸ್ಸಿನಲ್ಲಿ ಅವರ ಭುಜದ ಶಕ್ತಿ ಕಂಡು ನಾನು ಬೆರಗಾದೆ.

ನನ್ನ ಚೀಲದ ತಳದಲ್ಲಿ ಅಲ್ಲಲ್ಲಿ ಚಿಕ್ಕ ಗುಳಿಗಳಿವೆ. ಹಿಮಸಾರಂಗದ ಮೈಮೇಲೆ ಮೊಟ್ಟೆಯಿಡುವ ಒಂದು ಜಾತಿಯ ನೊಣವಿದೆ. ಮರಿಹುಳು ಚರ್ಮದಡಿ ಬೆಳೆದು, ಬೆನ್ನಿನ ಹತ್ತಿರ ಉಸಿರಿಗೆ ತೂತು ಮಾಡಿಕೊಂಡು, ಕೊನೆಗೆ ಅಲ್ಲಿಂದಲೇ ಹೊರಬೀಳುತ್ತದೆ. ಹೊರಬಿದ್ದ ಮೇಲೆ ಗಾಯ ಮಾದು ಗುರುತು ಉಳಿಯುತ್ತದೆ. ಕಾರ್ಖಾನೆಗೆ ಹೋದರೆ ಇಂಥ ತೊಗಲಿಗೆ ಬೆಲೆ ಇಳಿಯುತ್ತದೆ. ಇವರು ಒಂದೊಂದು ಗುರುತನ್ನೂ ಬೆರಳಲ್ಲಿ ಒತ್ತಿ ನೋಡಿ, ಮಾದದ್ದನ್ನು ಮಾತ್ರ ಉಳಿಸಿಕೊಂಡು, ಅವು ಹೊಲಿಗೆಗೆ ಸಿಗದ ಹಾಗೆ ಕತ್ತರಿಸುವ ಗೆರೆ ಎಳೆದರು. "ಇಲ್ಲಿ ಸೂಜಿ ಹಾಕಿದರೆ ಹರಿಯುತ್ತೆ, ಒಂದು ಬೆರಳು ದೂರ ಹಾಕಿದರೆ ಹರಿಯೋದಿಲ್ಲ" ಅಂದರು. ತೊಗಲು ಹೊಲಿಯುವ ಎಲ್ಲರೂ ಈ ಮಾತನ್ನು ಬರೆದಿಟ್ಟುಕೊಳ್ಳಬೇಕು. ನಾನಂತೂ ಬರೆದಿಟ್ಟುಕೊಂಡಿದ್ದೇನೆ.

ಹೊಲಿಗೆಯ ದಾರ ಹಿಮಸಾರಂಗದ ನರದ್ದು, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ನಾರಿನದ್ದು. ಒಣಗಿದ ನರವನ್ನು ಎಳೆಎಳೆಯಾಗಿ ಸೀಳಿ, ಒದ್ದೆ ಮಾಡಿ, ಕೆನ್ನೆಗೆ ಒತ್ತಿ ಅಂಗೈಯಿಂದ ಹೊಸೆಯುತ್ತಾರೆ. ಕೆನ್ನೆ ಯಾಕೆ ಎಂದು ಕೇಳಿದ್ದಕ್ಕೆ, ತೊಡೆಗಿಂತ ಕೆನ್ನೆಯ ಚರ್ಮಕ್ಕೆ ಎಳೆಯ ದಪ್ಪ ಬೇಗ ತಿಳಿಯುತ್ತದೆ ಎಂದರು. ನರದ ದಾರ ನೀರು ಕುಡಿದಾಗ ಉಬ್ಬಿ ಸೂಜಿಯ ತೂತನ್ನು ತುಂಬಿಕೊಳ್ಳುತ್ತದೆ. ಹತ್ತಿಯ ದಾರ ಕೊಳೆಯುತ್ತದೆ, ಪಾಲಿಯೆಸ್ಟರ್ ದಾರ ಗಡುಸಾಗಿ ಕಾಲಕ್ರಮದಲ್ಲಿ ಮೆತ್ತನೆ ತೊಗಲನ್ನು ಕೊಯ್ಯುತ್ತದೆ. ನರ ತೊಗಲಿನ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಮೂರು ಅಂಚಿನ ಸೂಜಿಯಲ್ಲಿ ಚೀಲವನ್ನು ಒಳಮೈ ಹೊರಗಾಗಿ ಹೊಲಿದು, ಎರಡು ತೊಗಲಿನ ನಡುವೆ ಕೆಂಪು ಉಣ್ಣೆಬಟ್ಟೆಯ ಕಿರಿದಾದ ಪಟ್ಟಿ ಕೊಟ್ಟಿದ್ದಾರೆ. ಮಗುಚಿದಾಗ ಹೊರಗೆ ಕಾಣುವುದು ಆ ಕೆಂಪು ಗೆರೆ ಮಾತ್ರ, ದಾರ ಎಲ್ಲೂ ಹೊರಗಿಲ್ಲ. ಉಜ್ಜಿಕೊಂಡು ಸವೆಯಬೇಕಾದದ್ದು ಬಟ್ಟೆ, ದಾರವಲ್ಲ. ಬಟ್ಟೆಯ ಪಟ್ಟಿ ಸವೆದಾಗ ತಂದುಕೊಡು, ಬದಲಿಸಿಕೊಡುತ್ತೇನೆ ಎಂದು ಅವರು ಹೇಳಿದ್ದಾರೆ. ಹೊಲಿಗೆಯ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಉದ್ದಕ್ಕೂ ಒಂದೇ ಅಂತರ, ಒಂದೇ ಬಿಗಿ. ಕೈಯಲ್ಲಿ ಹೊಲಿದು ಅಷ್ಟು ಸಮ ಬರಬೇಕಾದರೆ ಏನು ಬೇಕು ಎಂಬುದು ಹೊಲಿಯುವವರಿಗೆ ಗೊತ್ತು.

ಕತ್ತಿನ ಬಳೆ ತಮ್ಮನ ಕೈಕೆಲಸ. ಕೊಂಬನ್ನು ಅಡ್ಡಕ್ಕೆ ಕೊಯ್ದು, ತಿರುಳು ಕೊರೆದು, ಹೊರಗೆ ಸುತ್ತಲೂ ಒಂದು ತೋಡು ತೆಗೆದಿದ್ದಾರೆ. ತೊಗಲಿನ ಬಾಯಿಯನ್ನು ಆ ತೋಡಿನ ಮೇಲೆ ಒದ್ದೆಯಾಗಿ ಎಳೆದು ತೊಗಲಿನ ದಾರದಿಂದ ಬಿಗಿದು ಕಟ್ಟಿದರೆ ಒಣಗುವಾಗ ಕಚ್ಚಿಕೊಳ್ಳುತ್ತದೆ. ಅಂಟಿಲ್ಲ, ಮೊಳೆಯಿಲ್ಲ. ಒಂದೇ ವಸ್ತುವಿನಲ್ಲಿ ಅಕ್ಕ ತಮ್ಮಂದಿರ ಕೈ ಸೇರುವ ಜಾಗ ಇದು.

ಚೀಲದ ಬಳಕೆಯ ವರದಿ ಚಿಕ್ಕದು, ಯಾಕೆಂದರೆ ಅದು ನನ್ನನ್ನು ಕಾಡಿದ್ದು ಕಡಿಮೆ. ಹಿಮದ ಮೇಲೆ ಇಟ್ಟೆ, ಬೆನ್ನಚೀಲದಲ್ಲಿ ತುರುಕಿದೆ, ಕುಳಿತಾಗ ಅಡಿಗೆ ಸಿಕ್ಕಿದೆ. ಕಾಲು ಕಿಲೋ ಕಾಫಿ ಸಲೀಸಾಗಿ ಹಿಡಿಯುತ್ತದೆ. ಪರಿಮಳ ಒಳಗೇ ಉಳಿಯುತ್ತದೆ, ತೇವ ಒಳಗೆ ಹೋಗಿಲ್ಲ. ಖಾಲಿಯಾದಂತೆ ಮಡಿಚಿಕೊಂಡು ಚಿಕ್ಕದಾಗುತ್ತದೆ, ಡಬ್ಬದಂತೆ ಗಡಗಡ ಎನ್ನುವುದಿಲ್ಲ. ಎರಡು ದೂರುಗಳಿವೆ. ಹೊಸತರಲ್ಲಿ ಒದ್ದೆಯಾದಾಗ ಆಲ್ಡರ್‌ನ ಕೆಂಪು ಬಿಟ್ಟು ನನ್ನ ಬಿಳಿ ಉಣ್ಣೆಯ ಕೈಗವಸಿಗೆ ಹತ್ತಿತು, ಹೋಗಿಲ್ಲ. ಇನ್ನೊಂದು ಬಿರಡೆಯದು: ಚಳಿಗಾಲದಲ್ಲಿ ಬೆಚ್ಚಗಿನ ಮನೆಯೊಳಗಿನ ಒಣಗಾಳಿಗೆ ಮರ ಕುಗ್ಗಿ ಬಿರಡೆ ಸಡಿಲವಾಗುತ್ತದೆ. ಹೊರಗಿನ ಶೆಡ್ಡಿನಲ್ಲಿಟ್ಟರೆ ಸರಿಯಾಗಿರುತ್ತದೆ. ಬಿರಡೆಗೆ ತೆಳ್ಳಗೆ ತೊಗಲು ಸುತ್ತಿಕೊಟ್ಟಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಮುಂದಿನದಕ್ಕೆ ಹಾಗೆ ಮಾಡಿಕೊಡಿ ಎಂದು ಕೇಳಿದ್ದೇನೆ, ಒಪ್ಪಿದ್ದಾರೆ.

ಸಾಮಿ ಕೈಕೆಲಸದಲ್ಲಿ ಗಟ್ಟಿ ಕೆಲಸ, ಮೆದು ಕೆಲಸ ಎಂದು ಎರಡು ಪಾಲು. ಕೊಂಬು, ಮರ ಗಟ್ಟಿ. ತೊಗಲು, ಬಟ್ಟೆ ಮೆದು. ಸಂಪ್ರದಾಯದಲ್ಲಿ ಮೊದಲನೆಯದು ಗಂಡಸರದು, ಎರಡನೆಯದು ಹೆಂಗಸರದು. ಈಗ ಆ ಗೆರೆ ಮೊದಲಿನಷ್ಟು ಬಿಗಿಯಾಗಿಲ್ಲ. ನಾನು ಕೊಟ್ಟ ಎರಡು ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಚಾಕುವಿಗೆ ಚೀಲದ ಎರಡು ಪಟ್ಟಿಗಿಂತ ಹೆಚ್ಚು. ತೊಗಲು ಹದವಾಗಲು ಹಿಡಿದ ವಾರಗಳು, ನರ ಸೀಳಿ ಹೊಸೆದ ಹೊತ್ತು, ಹೊಲಿಗೆಯ ಹೊತ್ತು ಎಲ್ಲ ಕೂಡಿಸಿದರೆ ಚೀಲದ ಕೆಲಸ ಚಾಕುವಿನದಕ್ಕಿಂತ ಕಡಿಮೆಯಲ್ಲ ಎಂದು ಎರಡನ್ನೂ ಕಣ್ಣಾರೆ ಕಂಡ ನಾನು ಹೇಳಬಲ್ಲೆ. ಚಾಕುವಿಗೆ ಅಲಗು ಹೊರಗಿನಿಂದ ಬಂತು, ಅಂಟು ಅಂಗಡಿಯಿಂದ ಬಂತು. ಚೀಲದಲ್ಲಿ ಆ ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಬಿಟ್ಟರೆ ಪ್ರಾಣಿ ಮತ್ತು ಕಾಡು ಕೊಡದ ವಸ್ತುವೇ ಇಲ್ಲ. ಚಾಕುವಿನ ಬೆಲೆ ಹೆಚ್ಚಾಯಿತು ಎಂಬ ದೂರು ನನ್ನದಲ್ಲ. ಚೀಲಕ್ಕೆ ಅವರು ಇನ್ನೂ ಹೆಚ್ಚು ಕೇಳಬೇಕಿತ್ತು.

ಕೊಳ್ಳಹೊರಟವರಿಗೆ ಒಂದೆರಡು ಮಾತು. ಸಂತೆಯಲ್ಲಿ, ಪ್ರವಾಸಿ ಅಂಗಡಿಗಳಲ್ಲಿ ಸಾಮಿ ಚಾಕು ಎಂದು ಮಾರುವುದೆಲ್ಲ ಸಾಮಿಗಳು ಮಾಡಿದ್ದಲ್ಲ. ದುವೊಜಿಗೆ ಅದರದೇ ಗುರುತಿನ ಚೀಟಿ ಇದೆ, ಅದನ್ನು ಕೇಳಿ. ಕೆತ್ತನೆಯ ಗೆರೆಯ ಮೇಲೆ ಉಗುರು ಓಡಿಸಿ: ಕೈಯಲ್ಲಿ ಕೊರೆದದ್ದಾದರೆ ಶುರುವಿನಲ್ಲಿ, ತಿರುವಿನಲ್ಲಿ, ಕೊನೆಯಲ್ಲಿ ಆಳ ಬೇರೆಬೇರೆ ಸಿಗುತ್ತದೆ, ಯಂತ್ರದಲ್ಲಿ ಸುಟ್ಟದ್ದು ಉದ್ದಕ್ಕೂ ಒಂದೇ ಸಮ. ಕೊಂಬಿನ ತುದಿ ನೋಡಿ, ಸ್ಪಂಜಿನಂಥ ತಿರುಳು ಹೊರಮೈಗೆ ಬಂದಿದ್ದರೆ ಆ ತುಂಡು ಆರಿಸಿದ್ದೇ ಸರಿಯಿಲ್ಲ. ಚೀಲವಾದರೆ ಹೊಲಿಗೆಯನ್ನು ಎರಡು ಕಡೆಗೆ ಮೆಲ್ಲಗೆ ಎಳೆದು ನೋಡಿ, ಬೆಳಕು ಕಾಣಬಾರದು. ಎಡಗೈಯ ಬಳಕೆ ನಿಮ್ಮದಾದರೆ ಮೊದಲೇ ಹೇಳಿ. ಬೇಗ ಬೇಕು ಎಂದು ಅವಸರ ಮಾಡಬೇಡಿ, ತೊಗಲು ಅವಸರಕ್ಕೆ ಹದವಾಗುವುದಿಲ್ಲ. ನಾನು ಫೆಬ್ರವರಿಯಲ್ಲಿ ಹೇಳಿದ್ದು ಚಳಿಗಾಲ ಮತ್ತೆ ಶುರುವಾಗುವ ಹೊತ್ತಿಗೆ ಕೈಗೆ ಬಂತು, ಅದೇ ಬೇಗ ಎಂದು ಆಮೇಲೆ ತಿಳಿಯಿತು.

ಇನ್ನೊಂದು ಆರ್ಡರ್ ಕೊಟ್ಟಾಗಿದೆ. ಈ ಸಲ ಅಕ್ಕನ ಹತ್ತಿರ: ಇದಕ್ಕಿಂತ ದೊಡ್ಡ ಚೀಲ, ಅದೇ ನರದ ಹೊಲಿಗೆ, ನೀಲಿ ಬಟ್ಟೆಯ ಪಟ್ಟಿ, ಬಿರಡೆಗೆ ತೊಗಲಿನ ಸುತ್ತು. ಬೆಲೆ ಹೇಳುವಾಗ ಅವರು ಹಳೆಯ ಲೆಕ್ಕವನ್ನೇ ಹೇಳಿದರು. ನಾನು ಒಪ್ಪದೆ ಏರಿಸಿ ಬರೆಸಿ ಬಂದಿದ್ದೇನೆ.